ಮನ್ಯಾಗಿನ ಸ್ಪೀಕರ್ ಬರೋಬ್ಬರಿ ದನಿ ಕೊಡ್ಲಾಕತ್ತದೋ ಇಲ್ಲೋ ಹ್ಯಾಂಗ ಗೊತ್ತು ಮಾಡ್ಕೋಬೇಕು?

ಪೇಟಿಮನಿ, ಕಲಬುರಗಿ:

ಎಲ್ಲರಿಗಿ ನಮಸ್ಕಾರ್ರಿ. ಪ್ರಶ್ನಿ ಜರಾ ಉದ್ದ ಅದ, ಪೂರಾ ಓದಿ ಹೇಳ್ರಿ.

ನಮ್ಮಪ್ಪ ಭಜನಿ ಮಂಡಳ್ಯಾಗ ಮೂವತ್ತು ವರ್ಷದಿಂದ ಪೇಟಿ, ಅಂದ್ರ ಹಾರ್ಮೋನಿಯಂ, ಬಾರಸ್ತಾರ. ಮನಿ ಪಡಸಾಲ್ಯಾಗೇ ಅವರ ಪೇಟಿ ಅದ, ಒಂದು ಜೋಡಿ ತಬಲಾ ಡಗ್ಗಾ ಅದ, ಪ್ರತಿ ಸೋಮವಾರ ರಾತ್ರಿ ನಾಕೈದು ಮಂದಿ ಕೂಡಿ ಭಜನಿ ಮಾಡ್ತಾರ, ಅಂದ್ರ ಮೈಕ್ ಇಲ್ದ ಖರೇ ಪೇಟಿ ಖರೇ ಡಗ್ಗಾ ಕೇಳ್ಕೋತನೇ ನಾನು ದೊಡ್ಡಾಂವ ಆಗೀನಿ. ಈ ದೀಪಾವಳಿಗಿ ಅಪ್ಪಗ ಅಂತ ಹೈದರಾಬಾದಿಗಿ ಹೋಗಿ ಒಂದು ಸ್ಟೀರಿಯೋ ಆಂಪ್ಲಿಫೈಯರ್ ಎರಡು ಬುಕ್‌ಶೆಲ್ಫ್ ಸ್ಪೀಕರ್ ತಂದೆ. ಕಂಪನಿ ಹೆಸರು ಅಂಗಡಿ ಹೆಸರು ಇಲ್ಲಿ ಬ್ಯಾಡ. ಅಂಗಡ್ಯಾಗ ಕೇಳಿದಾಗ ಮೈ ಝುಂ ಅಂತು, ಅಷ್ಟು ಛಲೋ ಇತ್ತು, ರೊಕ್ಕಾ ಕೊಟ್ಟು ತಂದು ಮನ್ಯಾಗ ಹಚ್ಚಿದ್ರ ಅದೇ ಸ್ಪೀಕರ್ ಹೌದೋ ಅಲ್ಲೋ ಅನ್ಸೋ ಹಂಗ ಆಯ್ತು.

ಮಲ್ಲಿಕಾರ್ಜುನ ಮನ್ಸೂರ ಅವರು ಹಾಡಿದ ವಚನ ಹಚ್ಚಿದೆ. ದನಿ ಎಲ್ಲಿಂದ ಬರ್ತದ ಅಂತೇ ತಿಳೀವಲ್ದು, ಇಡೀ ಖೋಲಿ ತುಂಬಾ ಹರಡಿದಂಗ ಕೇಳ್ತದ. ನಾ ನಡುವ ಕುಂತ್ರ ಡಗ್ಗಾ ಇಲ್ಲೇ ಇಲ್ಲ ಅನಸ್ತದ, ಅಪ್ಪ ಮೂಲ್ಯಾಗ ಗ್ವಾಡಿಗಿ ಕುರ್ಚಿ ಹಚ್ಚಿ ಕೂಡ್ತಾರ, ಅಲ್ಲಿ ಹೋದ್ರ ಗುಂಯ್ ಅಂತದ. ಅಪ್ಪ ಹತ್ತು ನಿಮಿಷ ಸುಮ್ನ ಕೇಳಿ ಆಮ್ಯಾಲ ಹೇಳಿದ್ರು, ದನಿ ಛಲೋ ಅದಪ್ಪಾ, ಆದ್ರ ಇದು ಪೇಟಿ ಅಲ್ಲ, ಪೇಟಿ ಹಂಗ ಕೇಳೋದು ಬ್ಯಾರೇನೋ ಅದ ಅಂತ. ಆ ಮಾತು ನನಗ ಭಾಳ ಹತ್ತಿಬಿಡ್ತು.

ಖೋಲಿ 14 ಅಡಿ ಉದ್ದ 12 ಅಡಿ ಅಗಲ, ಎತ್ತರ 10 ಅಡಿ. ಹಳೀ ಮನಿ, ನೆಲಕ್ಕ ಶಹಾಬಾದ ಫರ್ಸಿ, ಗ್ವಾಡಿ ದಪ್ಪ, ಗ್ವಾಡ್ಯಾಗ ಎರಡು ಮಾಡ ಅವ, ಆ ಮಾಡದಾಗ ಒಂದೊಂದು ಸ್ಪೀಕರ್ ಇಟ್ಟೀನಿ, ಬರೋಬ್ಬರಿ ಕುಂತಾವ, ನೋಡ್ಲಾಕ ಛಂದ ಅದ.

ಈಗ ನನ್ನ ಪ್ರಶ್ನಿ. ಕಿವಿಗಿ ಹಿತ ಆಗೋದು ಬ್ಯಾರೆ, ಇದ್ದದ್ದು ಇದ್ದಂಗ ಕೇಳ್ಸೋದು ಬ್ಯಾರೆ ಅಲ್ಲೇನ್ರಿ? ಇದ್ದದ್ದು ಇದ್ದಂಗ ಕೇಳ್ಸಲಾಕತ್ತದೋ ಇಲ್ಲೋ ಅಂತ ಯಾವ ಅಳತಿ ಮ್ಯಾಲ ಹೇಳಬೇಕು? ಮನ್ಸೂರ ಅವರು ಆ ಸ್ಟುಡಿಯೋದಾಗ ಹಾಡಿದಾಗ ಹ್ಯಾಂಗ ಕೇಳ್ತು ಅಂತ ನಾವ್ಯಾರೂ ಅಲ್ಲಿದ್ದಿಲ್ಲ. ಹಂಗಿದ್ರ ಯಾವುದಕ್ಕ ಹೋಲಿಸಿ ನೋಡಬೇಕು?

ಬೀದರ್‌ಕೋಟಿ, ಬೀದರ್:

ಅಣ್ಣಾ, ಮೊದಲ ಅಂಗಡಿ ಮಾತು ಮುಗಸ್ತೀನಿ, ಯಾಕಂದ್ರ ಇದೇ ತ್ರಾಸ ನಾನೂ ಉಂಡೀನಿ. ಎರಡು ಜೋಡಿ ಸ್ಪೀಕರ್ ಒಂದರ ಹಿಂದ ಒಂದು ಕೇಳ್ಸಿದ್ರ ಯಾವುದು ಜರಾ ಜೋರ ಅದ ಅದೇ ಛಲೋ ಅನಸ್ತದ. ಒಂದು ಡೆಸಿಬಲ್ ಫರಕ್ ಇದ್ರ ಇದು ಜೋರ ಅದ ಅಂತ ನಮ್ಮ ಕಿವಿ ಹೇಳಲ್ಲ, ಇದು ಸಾಫ್ ಅದ, ಇದರಾಗ ಜೀವ ಅದ ಅಂತ ಹೇಳ್ತದ. ಅದಕ್ಕ ಮ್ಯಾಲ ಸಣ್ಣ ಆವಾಜ್‌ದಾಗ ನಮ್ಮ ಕಿವಿಗಿ ಬೇಸ್, ಅಂದ್ರ ದಪ್ಪ ದನಿ, ಕಡಿಮಿ ಕೇಳ್ತದ, ಆವಾಜ್ ಏರಿಸಿದಂಗ ಬೇಸ್ ತಾನೇ ತುಂಬ್ಕೋತದ, ಇದನ್ನ ಫ್ಲೆಚರ್ ಮತ್ತ ಮನ್ಸನ್ ಅನ್ನೋರು 1933ರಾಗೇ ಅಳದು ತೋರ್ಸ್ಯಾರ. ನಿಮಗ ಅಂಗಡ್ಯಾಗ ಎಷ್ಟು ಜೋರ ಹಚ್ಚಿದ್ರೋ, ಮನ್ಯಾಗ ಅಷ್ಟು ಜೋರ ಹಚ್ಚಲ್ಲ ನೀವು. ಅದಕ್ಕ ಯಾವುದಕ್ಕ ಹೋಲ್ಸಿದ್ರೂ ಆವಾಜ್ ಸಮ ಇರಬೇಕು. ಮೊಬೈಲ್ ಆ್ಯಪ್ ತೋರ್ಸೋ ಡೆಸಿಬಲ್ ನಂಬರ್ ಖರೇ ಇರಲ್ಲ, ಆದ್ರ ಅದೇ ಮೊಬೈಲ್ ಅದೇ ಜಾಗಾದಾಗ ಇಟ್ರ ಫರಕ್ ನೋಡ್ಲಾಕ ನಡೀತದ. ಲೌಡ್‌ನೆಸ್ ಬಟನ್ ಇದ್ರ ಬಂದ್ ಮಾಡ್ರಿ, ಬೇಸ್ ಟ್ರೆಬಲ್ ಎರಡೂ ನಡುವ ಇಡ್ರಿ.

ಇನ್ನ ನೀವು ಹೇಳಿದ ಲಕ್ಷಣ, ದನಿ ಎಲ್ಲಿಂದ ಬರ್ತದ ತಿಳೀವಲ್ದು, ನಡುವ ಕುಂತ್ರ ಡಗ್ಗಾ ಮಾಯ. ಇದು ಕೇಳಿದ ಕೂಡ್ಲೇ ನನಗ ಅನಿಸಿದ್ದು ಒಂದು ಸ್ಪೀಕರ್‌ದ ವೈರ್ ಉಲ್ಟಾ ಆಗ್ಯದ ಅಂತ. ಒಂದರ ಪಡದಾ, ಅಂದ್ರ ಸ್ಪೀಕರ್‌ದಾಗ ಅಳ್ಳಾಡೋ ಗುಂಡನ ಭಾಗ, ಮುಂದ ಬರೋವಾಗ ಇನ್ನೊಂದರದ್ದು ಹಿಂದ ಹೋಗ್ತದ, ನಡುವ ಕುಂತಾಂವಗ ಬೇಸ್ ಒಂದಕ್ಕೊಂದು ಕೊಂದ್ಹಾಕ್ತಾವ. ಎರಡೂ ಎಳಿ ಒಂದೇ ಬಣ್ಣದ ವೈರ್ ಹಾಕೀರೇನು? ಆಂಪ್ಲಿಫೈಯರ್ ಬಂದ್ ಮಾಡಿ, ವೈರ್‌ದ ಆ ಕಡಿ ತುದಿ ಆಂಪ್ಲಿಫೈಯರಿಂದ ಬಿಚ್ಚಿ, ಗಡಿಯಾರಕ್ಕ ಹಾಕ್ತೀವಲ್ಲ ಆ ಒಂದೂವರೆ ವೋಲ್ಟ್ ಸೆಲ್ ತಗೊಂಡು ಎರಡೂ ತುದಿಗಿ ಒಂದು ಚಣ ಮುಟ್ಟಸ್ರಿ, ಹಿಡ್ಕೊಂಡು ಕೂಡಬ್ಯಾಡ್ರಿ. ಟಕ್ ಅಂತದ. ದೊಡ್ಡ ಪಡದಾ ಮುಂದ ಬಂತಂದ್ರ ಸೆಲ್ಲಿನ ಪ್ಲಸ್ ಮುಟ್ಟಿದ ಎಳಿನೇ ಪ್ಲಸ್. ಎರಡೂ ಸ್ಪೀಕರ್ ಹಿಂಗ ನೋಡ್ರಿ. ಸರಿ ಮಾಡಿದ ಮ್ಯಾಲ ಒಬ್ರೇ ಮಾತಾಡೋ ಯಾವುದಾದ್ರೂ ಮೋನೋ ರೆಕಾರ್ಡಿಂಗ್, ಅಂದ್ರ ಎರಡೂ ಸ್ಪೀಕರ್‌ದಾಗ ಒಂದೇ ದನಿ ಬರೋವಂಥದ್ದು, ಹಚ್ರಿ, ಎರಡು ಸ್ಪೀಕರ್ ನಡುವ ಖಾಲಿ ಜಾಗಾದಾಗ ಒಬ್ಬಾಂವ ನಿಂತು ಮಾತಾಡಿದಂಗ ಕೇಳಬೇಕು.

ಹೊಸಸೌಂಡ್, ಯಾದಗಿರಿ:

ಕೇಬಲ್ ಬದಲಿಸಿ ನೋಡ್ರಿ ಬ್ರದರ್. ಛಲೋ ಬೆಳ್ಳಿ ಲೇಪದ ಕೇಬಲ್ ಹಾಕಿದ್ರ ಪೇಟಿ ದನಿ ತಾನೇ ತೆರಕೋತದ ಅಂತ ಭಾಳ ಮಂದಿ ಹೇಳ್ತಾರ.

ಫಿಸಿಕ್ಸ್ ಮೇಷ್ಟ್ರು, ಕಲಬುರಗಿ:

ನಾನು ಮೈಸೂರು ಕಡೆಯವನು, ಕಲಬುರಗಿಗೆ ಬಂದು ಏಳು ವರ್ಷ ಆಯ್ತು, ಭಾಷೆ ಸ್ವಲ್ಪ ಬೇರೆ ಅನ್ಸಿದ್ರೆ ಅಡ್ಜಸ್ಟ್ ಮಾಡ್ಕೊಳಿ. ಕೇಬಲ್ ವಿಷಯ ಒಂದೇ ಮಾತಲ್ಲಿ ಹೇಳ್ತೀನಿ. ಮನೆ ವೈರಿಂಗ್‌ಗೆ ಹಾಕೋ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಐದು ಮೀಟರ್ ದೂರಕ್ಕೆ ಎಳೆದ್ರೆ ಹೋಗಿ ಬರೋದಕ್ಕೆ ಸೇರಿ 0.07 ಓಮ್ ಚಿಲ್ಲರೆ, ಸ್ಪೀಕರ್ 8 ಓಮ್. ಅಲ್ಲಿ ದುಡ್ಡು ಸುರೀಬೇಡಿ.

ನೀವು ಕೇಳಿರೋ ಪ್ರಶ್ನೆ ತುಂಬಾ ಒಳ್ಳೆ ಪ್ರಶ್ನೆ, ಯಾವುದಕ್ಕೆ ಹೋಲಿಸಬೇಕು ಅನ್ನೋದು. ರೆಕಾರ್ಡ್ ಕೇಳಿ ಸ್ಪೀಕರ್ ಹೇಗಿದೆ ಅಂತ ತೀರ್ಮಾನ ಮಾಡ್ತೀವಿ, ಆದ್ರೆ ಆ ರೆಕಾರ್ಡ್ ಮಾಡಿದವರು ಅವರ ಸ್ಟುಡಿಯೋದ ಸ್ಪೀಕರ್ ಕೇಳಿ ಅದಕ್ಕೆ ತಕ್ಕ ಹಾಗೆ ಬೇಸ್ ಟ್ರೆಬಲ್ ಸರಿಮಾಡಿರ್ತಾರೆ, ಅವರ ಸ್ಪೀಕರಲ್ಲಿ ಬೇಸ್ ಕಮ್ಮಿ ಇದ್ರೆ ರೆಕಾರ್ಡಲ್ಲಿ ಜಾಸ್ತಿ ತುಂಬಿರ್ತಾರೆ. ಕೆನಡಾದಲ್ಲಿ ಸ್ಪೀಕರ್‌ಗಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ ಫ್ಲಾಯ್ಡ್ ಟೂಲ್ ಅನ್ನೋ ವಿಜ್ಞಾನಿ ಇದನ್ನ ಗೊಂದಲದ ಸುತ್ತು ಅಂತ ಕರೀತಾರೆ. ಅವರೂ ಶಾನ್ ಆಲಿವ್ ಅನ್ನೋರೂ ಸೇರಿ 1994ರಲ್ಲಿ ಒಂದು ಪರೀಕ್ಷೆ ಪ್ರಕಟ ಮಾಡಿದ್ರು, ಅದೇ ಜನ ಅದೇ ಸ್ಪೀಕರ್‌ಗಳನ್ನ ಒಂದ್ಸಲ ನೋಡ್ಕೊಂಡು ಕೇಳಿದ್ರು, ಇನ್ನೊಂದ್ಸಲ ಪರದೆ ಹಿಂದೆ ಇಟ್ಟು ಕೇಳಿದ್ರು, ಕೊಟ್ಟ ಅಂಕ ಬದಲಾಗೋಯ್ತು. ಕಣ್ಣಿಗೆ ಕಂಡ ಸೈಜು, ಬೆಲೆ, ಹೆಸರು ಎಲ್ಲಾ ಕಿವಿ ಒಳಗೆ ಬಂದು ಕೂತ್ಕೊಳುತ್ತೆ. ಅದಕ್ಕೆ ಏನೇ ಟೆಸ್ಟ್ ಮಾಡಿದ್ರೂ ಕೇಳೋರಿಗೆ ಯಾವುದು ಓಡ್ತಿದೆ ಅಂತ ಗೊತ್ತಾಗಬಾರದು.

ನಿಮ್ಮ ಅದೃಷ್ಟ ಏನಂದ್ರೆ ನಿಮ್ಮ ಮನೇಲೇ ಅಸಲು ಇದೆ, ಹಾರ್ಮೋನಿಯಂ ಅದೇ ರೂಮಲ್ಲಿದೆ. ಆದ್ರೆ ಆ ರೂಮು ಅನ್ನೋದು ಇದೆಯಲ್ಲ, ಅರ್ಧ ಸಮಸ್ಯೆ ಅಲ್ಲೇ ಇದೆ. ಒಂದ್ಸಲ ನಮ್ಮ ಕೋಟೆ ಒಳಗಿನ ಜಾಮಿ ಮಸೀದಿಗೆ ಹೋಗಿ ನಿಂತ್ಕೊಳಿ, 1367ರ ಕಟ್ಟಡ, ಮೇಲೆಲ್ಲಾ ಗುಮ್ಮಟದ ಚಾವಣಿ, ಒಂದು ಮಾತಾಡಿದ್ರೆ ಆ ಮಾತು ಮುಗಿದ ಮೇಲೂ ಅಲ್ಲೇ ಸುತ್ತುತ್ತಿರುತ್ತೆ. ನಿಮ್ಮ ಪಡಸಾಲೆಯಲ್ಲೂ ಅದೇ ಆಗ್ತಿದೆ, ಚಿಕ್ಕದಾಗಿ. ಶಹಾಬಾದ್ ಕಲ್ಲು, ಗಾರೆ ಗೋಡೆ, ಎರಡೂ ಸದ್ದನ್ನ ಕುಡಿಯಲ್ಲ, ವಾಪಸ್ ಎಸೀತವೆ. ಹಾರ್ವರ್ಡ್‌ನಲ್ಲಿ ವ್ಯಾಲೇಸ್ ಸಬೈನ್ ಅನ್ನೋ ಪ್ರೊಫೆಸರ್ 1895ರಲ್ಲಿ ಭಾಷಣ ಅರ್ಥವೇ ಆಗದ ಒಂದು ಹಾಲ್ ಸರಿ ಮಾಡೋ ಕೆಲಸ ಸಿಕ್ಕಿದಾಗ ರಾತ್ರಿ ಹೊತ್ತು ಪಕ್ಕದ ಥಿಯೇಟರಿಂದ ಸೀಟಿನ ದಿಂಬು ಹೊತ್ತು ತಂದು, ಎಷ್ಟು ದಿಂಬು ಇಟ್ರೆ ಸದ್ದು ಎಷ್ಟು ಬೇಗ ಸಾಯುತ್ತೆ ಅಂತ ಲೆಕ್ಕ ಹಾಕ್ದ. ಅವನ ಸೂತ್ರದಲ್ಲಿ ನಿಮ್ಮ ರೂಮು ಇಟ್ಟು ನೋಡಿದೆ, ಸುಮಾರು 47 ಘನ ಮೀಟರ್, ಸದ್ದು ಅರ್ಧ ಸೆಕೆಂಡಲ್ಲಿ ಅಡಗಬೇಕು ಅಂದ್ರೆ ಸದ್ದನ್ನ ಪೂರ್ತಿ ಕುಡಿಯೋ ಜಾಗ ಹದಿನೈದು ಚದರ ಮೀಟರ್‌ನಷ್ಟು ಬೇಕು. ಬರೀ ಕಲ್ಲು ಗಾರೆ ಅದರ ಹತ್ತಿರಕ್ಕೂ ಬರಲ್ಲ. ನಡುವೆ ನಿಂತು ಒಂದು ಚಪ್ಪಾಳೆ ಹೊಡೀರಿ, ಟರ್ರ್ ಅಂತ ಬಾಲ ಬಂದ್ರೆ ಅದೇ.

ನಿಮ್ಮ ಕಡೆ ಕೌದಿ ಇದ್ದೇ ಇರುತ್ತೆ. ಪಕ್ಕದ ಗೋಡೆ ಮೇಲೆ ಒಬ್ಬರು ಕನ್ನಡಿ ಸರಿಸ್ತಾ ಹೋಗ್ಲಿ, ನೀವು ಕೂತ ಜಾಗದಿಂದ ಕನ್ನಡೀಲಿ ಸ್ಪೀಕರ್ ಎಲ್ಲಿ ಕಾಣುತ್ತೋ ಅಲ್ಲಿ ಕೌದಿ ನೇತುಹಾಕಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು. ನೆಲಕ್ಕೆ ಜಮಖಾನ. ಆದ್ರೆ ಇದು ತೀಕ್ಷ್ಣ ಸದ್ದಿಗೆ ಮಾತ್ರ, ಡಗ್ಗಾದ ಗುಂಯ್‌ಗೆ ಕೌದಿಯಿಂದ ಏನೂ ಆಗಲ್ಲ. 80 ಹರ್ಟ್ಝ್ ಅಲೆ ನಾಲ್ಕು ಮೀಟರ್‌ಗಿಂತ ಉದ್ದ ಇರುತ್ತೆ, ಬಟ್ಟೆ ಅದಕ್ಕೆ ಲೆಕ್ಕಕ್ಕಿಲ್ಲ. 14 ಅಡಿ ಗೋಡೆಗಳ ಮಧ್ಯೆ ಸದ್ದು 40 ಹರ್ಟ್ಝ್ ಹತ್ರ ಒಮ್ಮೆ, 80 ಹತ್ರ ಮತ್ತೊಮ್ಮೆ ಅಡಗದೆ ಜೋರಾಗಿ ನಿಂತ್ಕೊಳುತ್ತೆ, 12 ಅಡಿ ಕಡೆಯಿಂದ 47 ಮತ್ತೆ 94. ಗೋಡೆಗೆ ಅಂಟಿ ಕೂತವರಿಗೆ, ಅದರಲ್ಲೂ ಮೂಲೇಲಿ, ಇದೆಲ್ಲಾ ಪೂರ್ತಿ ಜೋರಾಗಿ ಕೇಳುತ್ತೆ. ತಂದೆಯವರ ಕುರ್ಚಿ ಹಿಂದಿನ ಗೋಡೆಯಿಂದ ಮೂರೂವರೆ ಅಡಿ ಮುಂದೆ ತನ್ನಿ, ಉದ್ದದ ಕಾಲು ಭಾಗ ಅದು, 80ರ ಅಲೆ ಅಲ್ಲಿ ಬಹಳ ತಗ್ಗುತ್ತೆ. ಸಾಧ್ಯ ಆದ್ರೆ ಅಳತೆ ಮಾಡೋ ಯುಎಸ್‌ಬಿ ಮೈಕ್ ಒಂದು ಯಾರ ಹತ್ರನಾದ್ರೂ ತಗೊಳಿ, ರೂಮ್ ಇಕ್ಯೂ ವಿಝರ್ಡ್ ಅನ್ನೋ ಸಾಫ್ಟ್‌ವೇರ್ ಫ್ರೀ ಇದೆ, 200 ಹರ್ಟ್ಝ್ ಕೆಳಗೆ ಏನಾಗ್ತಿದೆ ಅಂತ ಗೆರೆ ಎಳೆದು ತೋರಿಸುತ್ತೆ. ಫ್ಯಾನು, ಕೂಲರ್ ಎಲ್ಲಾ ಆಫ್ ಮಾಡಿ ರಾತ್ರಿ ಹೊತ್ತು ಅಳೀರಿ.

ಮೈಕ್‌ಸೆಟ್ ಕಾಕಾ, ಯಾದಗಿರಿ:

ಸರ ಹೇಳಿದ್ದು ಬರೋಬ್ಬರಿ ಅದ, 200ರ ಕೆಳಗ ಅಳೀರಿ, ಬ್ಯಾಡ ಅನ್ನಲ್ಲ. ಆದ್ರ ಅದರ ಮ್ಯಾಲಿಂದು ಗೆರಿ ನೋಡಿ ತಿಳ್ಕೋತೀನಿ ಅಂದ್ರ ಹೊಸಬರಿಗಿ ಭಾಳ ದಾರಿ ತಪ್ತದ, ಅದೇ ಖೋಲ್ಯಾಗ ಮೈಕ್ ಒಂದು ಗೇಣು ಸರಿಸಿದ್ರ ಗೆರಿ ಬದಲ್ ಆಗ್ತದ, ಕಿವಿಗಿ ಏನೂ ಬದಲ್ ಆಗಿರಲ್ಲ. ನಾನು ಇಪ್ಪತ್ತಾರು ವರ್ಷ ಜಾತ್ರಿ, ಮದವಿ, ಉರುಸಿಗಿ ಮೈಕ್ ಸೆಟ್ ಹಚ್ಚೀನಿ, ಆಂಪ್ಲಿಫೈಯರ್ ರಿಪೇರಿ ಮಾಡ್ತೀನಿ. ನನಗ ಗೊತ್ತಿದ್ದ ಒಂದೇ ಒರೆಗಲ್ಲು, ಮನಶಾನ ದನಿ. ಪೇಟಿ ಕಂಪನಿಗೊಂದು ನಮೂನಿ ಇರ್ತದ, ಮನ್ಯಾನ ಮಂದಿ ದನಿ ಯಾರೂ ಮರ್ಯಂಗಿಲ್ಲ. ಇಂಗ್ಲೆಂಡಿನ ಬಿಬಿಸಿ ರೇಡಿಯೋದವರೂ ತಮ್ಮ ಸ್ಟುಡಿಯೋ ಸ್ಪೀಕರ್ ತಯಾರ್ ಮಾಡೋವಾಗ ಒಳಗ ಮಾತಾಡೋ ಮನಶಾನ ದನಿ, ಹೊರಗ ಸ್ಪೀಕರ್‌ದಾಗ ಬರೋ ದನಿ ಎರಡೂ ಹೋಲ್ಸಿ ಹೋಲ್ಸಿ ತಿದ್ದ್ಯಾರ. 1954ರಾಗ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಾಗ ವಾರ್ಫ್‌ಡೇಲ್ ಅನ್ನೋ ಸ್ಪೀಕರ್ ಕಂಪನಿಯ ಗಿಲ್ಬರ್ಟ್ ಬ್ರಿಗ್ಸ್ ಸಾವಿರಾರು ಮಂದಿ ಮುಂದ ಖರೇ ವಾದ್ಯ ಒಂದು ಸಲ, ಅದರ ರೆಕಾರ್ಡ್ ಒಂದು ಸಲ ಕೇಳ್ಸಿದ್ರು. ಎದುರಾ ಬದುರಾ ಇಡೋದು, ಇಷ್ಟೇ ಪರೀಕ್ಷಾ.

ನೀವು ಹಿಂಗ ಮಾಡ್ರಿ ತಮ್ಮಾ. ರಾತ್ರಿ ಗಾಳಿ ಇಲ್ದಾಗ ನಿಮ್ಮವ್ವಗ ಮಾಳಗಿ ಮ್ಯಾಲ ಕರಕೊಂಡ್ಹೋಗ್ರಿ, ನಡುವ ನಿಂದರಸ್ರಿ, ಎರಡೂವರೆ ಮೂರು ಅಡಿ ದೂರದಾಗ ರೆಕಾರ್ಡರ್ ಇಟ್ಟು ಎರಡು ನಿಮಿಷ ಮಾತಾಡಸ್ರಿ, ಏನಾದ್ರೂ ಹೇಳಲಿ, ಹೋಳಿಗಿ ಹ್ಯಾಂಗ ಮಾಡೋದು ಅಂತ ಹೇಳಲಿ. ಮಾಳಗಿ ಯಾಕಂದ್ರ ಖೋಲ್ಯಾಗ ರೆಕಾರ್ಡ್ ಮಾಡಿ ಖೋಲ್ಯಾಗೇ ಹಚ್ಚಿದ್ರ ಖೋಲಿ ಗುಂಗು ಎರಡು ಸಲ ಬೀಳ್ತದ, ಆಗ ಸ್ಪೀಕರ್‌ಗಿ ಸುಮ್ನ ಬೈಗುಳ. ಮೈಕ್ ಬಾಯಿ ಹತ್ರ ಹಿಡೀಬ್ಯಾಡ್ರಿ, ಹತ್ರ ಹಿಡದ್ರ ದನಿ ದಪ್ಪ ಆಗ್ತದ. ಮೊಬೈಲ್ ಬ್ಯಾಡ, ಅದು ತಾನೇ ಆವಾಜ್ ಏರಸ್ತದ ಇಳಸ್ತದ, ಹಿಂದಿನ ಸಪ್ಪಳ ಕತ್ತರಸ್ತದ. ನನ್ನ ಹತ್ರ ಸಣ್ಣ ರೆಕಾರ್ಡರ್ ಅದ, ಗುರುವಾರ ಕಲಬುರ್ಗಿಗಿ ಸಾಮಾನ್ ತರ್ಲಾಕ ಬರ್ತೀನಿ, ಕೊಟ್ಟು ಹೋಗ್ತೀನಿ.

ಆಮ್ಯಾಲ ಒಂದೇ ಸ್ಪೀಕರ್ ತಗೋರಿ, ಅದರ ಮುಂದ ಅಪ್ಪಂದು ಒಂದು ತೆಳ್ಳನ ಧೋತರ ಪಡದಾ ಹಂಗ ಕಟ್ರಿ, ತೆಳ್ಳನ ಧೋತರ ದನಿ ತಡೆಯಂಗಿಲ್ಲ. ಅದರ ಹಿಂದ ಸ್ಪೀಕರ್ ಬಾಜು ಅವ್ವಗ ನಿಂದರಸ್ರಿ, ಬಾಯಿ ಸ್ಪೀಕರ್ ಒಂದೇ ಎತ್ತರಕ್ಕ ಬರಬೇಕು. ಆವಾಜ್ ಸಮ ಮಾಡಿ ಒಂದು ಸಲ ಅವ್ವ ಮಾತಾಡಲಿ, ಒಂದು ಸಲ ರೆಕಾರ್ಡ್. ಕೇಳೋರು ಧೋತರದ ಈ ಕಡಿ. ಎದಿ ದನಿ ಜಾಸ್ತಿ ಆಯ್ತೋ, ಮೂಗಿನಾಗ ಮಾತಾಡಿದಂಗ ಕೇಳ್ತದೋ, ಸ ಶ ಅನ್ನೋವಾಗ ಚುಚ್ತದೋ, ಮೂರೇ ನೋಡ್ರಿ.

ಇನ್ನೊಂದು ಮಾತು, ಇದು ಮೊದಲ ಹೇಳಬೇಕಿತ್ತು, ಮಾಡದಾಗಿಂದ ಸ್ಪೀಕರ್ ಹೊರಗ ತೆಗೀರಿ. ಕೊಡದಾಗ ಬಾಯಿ ಇಟ್ಟು ಮಾತಾಡಿದ್ರ ಹ್ಯಾಂಗ ಕೇಳ್ತದ, ಹಂಗ ಆಗ್ತದ ಅದು.

ಪೇಟಿಮನಿ, ಕಲಬುರಗಿ:

ಭಾಳ ಉಪಕಾರ ಆಯ್ತ್ರಿ ಎಲ್ಲರದ್ದು. ಬೀದರ್ ಅಣ್ಣೋರು ಹೇಳಿದ್ದು ಖರೇ ಇತ್ತು, ಎರಡೂ ಎಳಿ ಬಿಳೀ ವೈರ್, ಸೆಲ್ ಮುಟ್ಟಸಿದ್ರ ಎಡಗಡಿದು ಮುಂದ ಬಂತು, ಬಲಗಡಿದು ಸರ್ ಅಂತ ಒಳಗ ಹೋಯ್ತು. ಕಣ್ಣಿಗೇ ಕಾಣ್ತದ ಅಂತ ಗೊತ್ತೇ ಇರ್ಲಿಲ್ಲ. ತಿರುಗಿಸಿ ಹಚ್ಚಿದೆ, ಮನ್ಸೂರ ಅವರ ದನಿ ನಡುವ ಬಂದು ನಿಂತು, ಆದ್ರ ಡಗ್ಗಾ ಈಗ ಎಲ್ಲಾ ಕಡಿ ಗುಂಯ್ ಅನ್ಲಾಕತ್ತದ. ಕಾಕಾ, ಗುರುವಾರ ಹಾದಿ ನೋಡ್ತೀನಿ. ಒಂದು ಕೇಳ್ತೀನಿ, ಜಾತ್ರ್ಯಾಗ ಉರುಸಿನಾಗ ಕೇಳಿದ ಪೇಟಿ ತಬಲಾ ನೆನಪಿನ ಮ್ಯಾಲ ಹೋಲಿಸಿದ್ರ ನಡೀತದೇನು?

ಮೈಕ್‌ಸೆಟ್ ಕಾಕಾ, ಯಾದಗಿರಿ:

ನಡಿಯಲ್ಲ ತಮ್ಮಾ. ಅಲ್ಲಿ ನೀವು ಕೇಳಿದ್ದು ಪೇಟಿ ಅಲ್ಲ, ನನ್ನಂಥವರ ಮೈಕ್ ಮತ್ತ ಹಾರ್ನ್. ಮೈಕ್ ಇಲ್ದ ಕೇಳಿದ್ದು ಅಷ್ಟೇ ಲೆಕ್ಕ.

ಬೀದರ್‌ಕೋಟಿ, ಬೀದರ್:

ಕಾಕಾ ಹೇಳಿದ್ದಕ್ಕ ಒಂದು ಜೋಡಸ್ತೀನಿ. ಹಳೀ ರೆಕಾರ್ಡ್ ಮ್ಯಾಲ ಟ್ರೆಬಲ್ ತೀರ್ಮಾನ ಮಾಡಬ್ಯಾಡ್ರಿ. ಮನ್ಸೂರ ಅವರು 1992ರಾಗ ತೀರ್ಕೊಂಡ್ರು, ಅವರ ಎಷ್ಟೋ ರೆಕಾರ್ಡ್ ಅದಕ್ಕಿಂತ ಭಾಳ ಹಿಂದಿನವು, ಟೇಪಿನ ಸುಸ್ಸ್ ಅನ್ನೋದು ಅದರೊಳಗೇ ಅದ. ಅದು ಸ್ಪೀಕರ್ ತಪ್ಪಲ್ಲ. ಸ್ಪೀಕರ್ ಬರೋಬ್ಬರಿ ಇದ್ರ ಆ ಸುಸ್ಸ್ ಕೇಳಲೇಬೇಕು.

ಪೇಟಿಮನಿ, ಕಲಬುರಗಿ:

ಕಾಕಾ ರೆಕಾರ್ಡರ್ ಕೊಟ್ಟು ಹೋದ್ರು, ಶನಿವಾರ ರಾತ್ರಿ ಎಲ್ಲಾ ಮಾಡಿ ನೋಡಿದ್ವಿ, ಬರದು ಹೇಳ್ತೀನಿ.

ಅವ್ವ ಮಾಳಗಿ ಮ್ಯಾಲ ನಿಂತು ಶೇಂಗಾ ಹೋಳಿಗಿ ಮಾಡೋದು ಹೇಳಿದ್ಲು. ಕೆಳಗ ಬಂದು ಧೋತರ ಕಟ್ಟಿದ್ವಿ, ಮೊದಲ ಸ್ಪೀಕರ್ ಮಾಡದಾಗೇ ಇತ್ತು, ಅವ್ವ ಅದರ ಬಾಜು ನಿಂತ್ಲು. ಕೇಳೋರು ಅಪ್ಪ, ನಮ್ಮ ಅಕ್ಕ, ನಾನು ಮೂರೂ ಮಂದಿ ಧೋತರದ ಈ ಕಡಿ, ಹಿಂದ ತಮ್ಮ ನಿಂತು ಒಮ್ಮೆ ಅವ್ವಗ ಸನ್ನಿ ಮಾಡ್ತಿದ್ದ, ಒಮ್ಮೆ ರೆಕಾರ್ಡ್ ಹಚ್ತಿದ್ದ, ಯಾವಾಗ ಯಾವುದು ಅಂತ ಅವನೇ ಒಂದು ಚೀಟಿ ಮ್ಯಾಲ ಬರಕೊಂಡಿದ್ದ. ಹತ್ತಕ್ಕ ಹತ್ತೂ ಸಲ ಅಪ್ಪ ಬರೋಬ್ಬರಿ ಹೇಳಿದ್ರು, ಇದು ಡಬ್ಬಿ, ಇದು ನಿಮ್ಮವ್ವ ಅಂತ. ಬೆಲ್ಲ ಅನ್ನೋವಾಗ ದನಿ ಮೂಗಿನಾಗ ಹೊಕ್ಕಂಗ ಆಗ್ತಿತ್ತು, ಅಕ್ಕಗೂ ಅದೇ ಶಬ್ದಕ್ಕ ಗೊತ್ತಾಯ್ತು.

ಆಮ್ಯಾಲ ಸ್ಪೀಕರ್ ಹೊರಗ ತಂದು ಸ್ಟೂಲ್ ಮ್ಯಾಲ ಇಟ್ವಿ, ಗ್ವಾಡಿಂದ ಎರಡು ಅಡಿ ಮುಂದ. ಕನ್ನಡಿ ಹಿಡದು ನೋಡಿ ಎರಡೂ ಬಾಜು ಕೌದಿ ಕಟ್ಟಿದ್ವಿ, ಅಜ್ಜಿ ಹೊಲಿದ ಕೌದಿ, ದಪ್ಪ ಅವ. ಮತ್ತ ಹತ್ತು ಸಲ ಕೇಳಿದ್ವಿ. ಈ ಸಲ ಅಪ್ಪ ಆರು ಸಲ ಬರೋಬ್ಬರಿ ಹೇಳಿದ್ರು ನಾಕು ಸಲ ತಪ್ಪಿದ್ರು, ಅಕ್ಕ ಐದು ತಪ್ಪಿದ್ಲು. ಮೂಗಿನ ದನಿ ಹೋಯ್ತು. ಸ ಶ ಅನ್ನೋವಾಗ ಇನ್ನೂ ಜರಾ ಚುಚ್ತದ, ಶೇಂಗಾ ಅನ್ನೋದು ಬಂದಾಗೆಲ್ಲಾ ಅಪ್ಪ ಅದರ ಮ್ಯಾಲೇ ಕಂಡ ಹಿಡೀತಿದ್ರು. ಸ್ಪೀಕರ್‌ದೇ ಗುಣ ಅದು ಅಂತ ಕಾಣ್ತದ, ಟ್ರೆಬಲ್ ಒಂದು ಕಡ್ಡಿ ಇಳಸಿದ್ರ ಕಡಿಮಿ ಆಗ್ತದ. ಸರ, ಅಂಗಡ್ಯಾಗ ನನಗ ಸಾಫ್ ಅನಸಿದ್ದು ಇದೇ ಇರಬೇಕು ಅಲ್ಲೇನ್ರಿ?

ಕುರ್ಚಿ ಮೂರೂವರೆ ಅಡಿ ಮುಂದ ತಂದೀವಿ. ಡಗ್ಗಾದ ಗುಂಯ್ ಅರ್ಧಕ್ಕರ್ಧ ಇಳದದ, ಬೆರಳು ಒತ್ತಿ ಜಾರಿಸಿದ್ದು ಈಗ ಬಿಡಿ ಬಿಡಿ ಕೇಳ್ತದ, ಮೊದಲ ಎಲ್ಲಾ ಸೇರಿ ಒಂದೇ ಗುಂಗು ಆಗಿತ್ತು. ಪೂರಾ ಹೋಗಿಲ್ಲ. ಯುಎಸ್‌ಬಿ ಮೈಕ್ ಸರ ಹತ್ರ ಇದ್ರ ಒಂದು ದಿನ ಕೊಡ್ರಿ, ಅಳದು ಗೆರಿ ಇಲ್ಲಿ ಹಾಕ್ತೀನಿ.

ಪೇಟಿ ಇನ್ನೂ ಆಗಿಲ್ಲ. ಸೋಮವಾರ ಭಜನಿ ಮುಗದ ಮ್ಯಾಲ ಅಪ್ಪಗ ಮಾಳಗಿ ಮ್ಯಾಲ ಕೂಡ್ಸಿ ಪೇಟಿನೂ ರೆಕಾರ್ಡ್ ಮಾಡಬೇಕಂತ ಅದ, ಕಾಳಿ ಒಂದರ ಪಟ್ಟಿ, ಅಂದ್ರ ಪೇಟಿಯ ಮೊದಲ ಕರೀ ಮನಿ, ಅದರ ಮ್ಯಾಲ ಸಾ ಹಿಡದು ಅವರೇ ಬಾರಸ್ತೀನಿ ಅಂದಾರ. ಕಾಕಾ, ರೆಕಾರ್ಡರ್ ಇನ್ನೊಂದು ವಾರ ನನ್ನ ಹತ್ರ ಇರ್ಲಿ.